ಗೃಹಚಿತ್ರಣದಲ್ಲಿ ಕ್ಯಾನನ್ ಎಚ್‌ವಿ-20: ಒಂದು ವಿಮರ್ಶೆ

ಮನೆಯ ಶುಭಕಾರ್ಯಗಳನ್ನು ಚಿತ್ರಿಸಲು ಗೃಹಸ್ಥರು ಕೊಳ್ಳುತ್ತಿದ್ದ ಮಧ್ಯಮ ದರ್ಜೆಯ ಡಿಜಿಟಲ್ ವಿಡಿಯೋ ಕ್ಯಾಮೆರಾಗಳಲ್ಲಿ ಕ್ಯಾನನ್ ಎಚ್‌ವಿ-20 ಒಂದು. 2007ರಲ್ಲಿ ಹೊರಬಂದ ಈ ಯಂತ್ರ ಈಗ ಹೊಸದಾಗಿ ದೊರೆಯುವುದಿಲ್ಲ. ಹೀಗಿರುವಾಗ ಇದರ ಗುಣದೋಷವಿವೇಚನೆಯಿಂದ ಪ್ರಯೋಜನವೇನೆಂದು ಕೇಳಬಹುದು. ಇದೂ ಇದರಂಥ ಇತರ ಯಂತ್ರಗಳೂ ಬರೆದಿಟ್ಟ ಟೇಪುಗಳು ಅನೇಕ ಮನೆಗಳ ಕಪಾಟುಗಳಲ್ಲಿ ಉಳಿದಿವೆ; ಒಂದು ಕಾಲದ ಗೃಹಜೀವನಕ್ಕೆ ಅವು ಮೂಲಾಧಾರಗಳಾಗತಕ್ಕವು. ಆಧಾರವನ್ನು ಪರೀಕ್ಷಿಸುವವನು ಅದನ್ನು ಬರೆದ ಕೈಯನ್ನೂ ಪರೀಕ್ಷಿಸಬೇಕಷ್ಟೆ.

ಚಿತ್ರದ ಸ್ಫುಟತೆಯ ವಿಷಯದಲ್ಲಿ ಆಕ್ಷೇಪಣೆಗೆ ಎಡೆಯಿಲ್ಲ. ಹತ್ತುಪಟ್ಟು ಹಿಗ್ಗಿಸುವ ಮಸೂರವೂ ಕೈನಡುಕವನ್ನು ಮಸೂರದಲ್ಲಿಯೇ ಸರಿದೂಗಿಸುವ ಏರ್ಪಾಡೂ ಮೆಚ್ಚತಕ್ಕವು. ಆದರೆ ಮಸೂರದ ಅತ್ಯಂತ ಅಗಲವಾದ ನೋಟವೂ 35 ಮಿಲಿಮೀಟರ್ ಸ್ಥಿರಚಿತ್ರ ಕ್ಯಾಮೆರಾದ ಸುಮಾರು 44 ಮಿಲಿಮೀಟರ್ ಮಸೂರಕ್ಕೆ ಸಮನಾದುದು. ಮದುವೆಯ ಚಪ್ಪರದಲ್ಲಿ ಇದು ಸಾಕಾದೀತು. ನಡುಮನೆಯಲ್ಲಿ ನಾಮಕರಣ ನಡೆಯುವಾಗ ತೊಟ್ಟಿಲನ್ನು ಹಿಡಿದರೆ ಅಜ್ಜಿ ಹೊರಗುಳಿಯುವರು, ಅಜ್ಜಿಯನ್ನು ಹಿಡಿದರೆ ತೊಟ್ಟಿಲು. ನಿಶ್ಶಬ್ದವಾದ ಕೋಣೆಯಲ್ಲಿ ಟೇಪು ಸುತ್ತುವ ಮೋಟಾರಿನ ಸದ್ದೂ ಮಾತಿನೊಡನೆ ಸೇರಿಬಿಡುತ್ತದೆ. ಬೇರೆ ಮೈಕನ್ನು ಜೋಡಿಸಲು ಅನುಕೂಲವುಂಟು. ಮನೆಮಂದಿ ಆ ಗೋಜಿಗೆ ಹೋಗುವುದು ಅಪರೂಪ.

ವಿಚಾರಮಾಡಬೇಕಾದ ಮುಖ್ಯ ಸಂಗತಿ ಬೇರೆಯೇ ಇದೆ. ಈ ಯಂತ್ರ ಮಿನಿ ಡಿವಿ ಟೇಪಿನ ಮೇಲೆ ಎರಡು ರೀತಿಗಳಲ್ಲಿ ಬರೆಯಬಲ್ಲದು. 1995ರಲ್ಲಿ ಬಳಕೆಗೆ ಬಂದ ಡಿವಿ ಪದ್ಧತಿಯಲ್ಲಿ ಪ್ರತಿಯೊಂದು ಚಿತ್ರವೂ ಸ್ವತಂತ್ರ. 2003ರಲ್ಲಿ ರೂಪುಗೊಂಡ ಎಚ್‌ಡಿವಿ ಪದ್ಧತಿಯಲ್ಲಿ 1440×1080 ಬಿಂದುಗಳ ದೊಡ್ಡ ಚಿತ್ರವನ್ನು ಸೆಕೆಂಡಿಗೆ ಅದೇ 25 ಮೆಗಾಬಿಟ್ಟುಗಳ ಮಿತಿಯೊಳಗೆ ಅಡಕಗೊಳಿಸಬೇಕಾದುದರಿಂದ, ಸುಮಾರು ಅರ್ಧ ಸೆಕೆಂಡಿನ ಚಿತ್ರಗಳು ಒಂದನ್ನೊಂದು ಅವಲಂಬಿಸಿದ ಗುಂಪಾಗಿರುತ್ತವೆ. ಟೇಪಿನ ಲೇಪ ಒಂದೆಡೆ ಕೆಟ್ಟರೆ ಡಿವಿಯಲ್ಲಿ ಒಂದೆರಡು ಚಿತ್ರಗಳು ಕಲೆಗೊಂಡಾವು. ಎಚ್‌ಡಿವಿಯಲ್ಲಿ ಗುಂಪೇ ನಷ್ಟವಾಗಬಹುದು. ಶಾಸನದಲ್ಲಿ ಒಂದಕ್ಷರ ಸವೆಯುವುದಕ್ಕೂ ಒಂದು ಪಂಕ್ತಿಯೇ ಒಡೆದುಹೋಗುವುದಕ್ಕೂ ಇರುವಷ್ಟು ಅಂತರವಿದು. ಸ್ಫುಟತೆಯನ್ನು ಹೊಗಳಿ ಇದನ್ನು ಹೇಳದೆ ಬಿಟ್ಟರೆ ಅದು ಅರ್ಧ ವಿಮರ್ಶೆಯೇ ಸರಿ.

ಆದರೂ ಟೇಪಿಗೆ ಒಂದು ಹಿರಿಮೆಯುಂಟು. ಮೆಮೊರಿ ಕಾರ್ಡನ್ನು ಅಳಿಸಿ ಮತ್ತೆ ಬಳಸುವುದು ವಾಡಿಕೆ, ಟೇಪಾದರೋ ಚಿತ್ರೀಕರಣದ ದಿನಾಂಕ ಮತ್ತು ವೇಳೆಗಳ ಸಮೇತ ಮೂಲಪ್ರತಿಯಾಗಿ ಉಳಿಯುತ್ತದೆ (ಯಂತ್ರದ ಗಡಿಯಾರವನ್ನು ಸರಿಯಾಗಿ ಇಟ್ಟಿದ್ದರೆ!). ಆದರೆ ಮೂಲಪ್ರತಿಯನ್ನು ಓದಲು ಕೆಲಸಮಾಡುವ ಯಂತ್ರವೂ ಫೈರ್‌ವೈರ್ ಸಂಪರ್ಕವುಳ್ಳ ಗಣಕವೂ ಬೇಕು. ಹೊಸ ಗಣಕಗಳಲ್ಲಿ ಆ ಸಂಪರ್ಕವಿಲ್ಲ. ಒಂದು ಗಂಟೆಯ ಟೇಪು ಸುಮಾರು 13 ಗಿಗಾಬೈಟು ಮಾತ್ರ. ಆದರೆ ಅದನ್ನು ಇಳಿಸಿಕೊಳ್ಳಲು ಒಂದು ಗಂಟೆಯೇ ಹಿಡಿಯುತ್ತದೆ.

ಆದುದರಿಂದ ಹೊಸ ಚಿತ್ರಣಕ್ಕಾಗಿ ಇಂದು ಎಚ್‌ವಿ-20ನ್ನು ಅರಸಬೇಕಾಗಿಲ್ಲ; ಕೈಯಲ್ಲಿರುವ ಮೊಬೈಲು ಸಾಕು. ಡಿವಿ, ಎಚ್‌ಡಿವಿ ಎರಡನ್ನೂ ಓದಬಲ್ಲ ವಾಚಕಯಂತ್ರವೆಂದು ಮಾತ್ರ ಇದನ್ನು ಕೊಳ್ಳಬಹುದು. ಅಮೆರಿಕದ ಪದ್ಧತಿಗೆ ಮಾಡಿದ ಪ್ರತಿ ನಮ್ಮ ಪಾಲ್ ಟೇಪುಗಳಿಗೆ ಸಲ್ಲದು. ಕೊಂಡ ಮೇಲೆ ಮೊದಲು ಕಳೆದುಹೋದರೂ ಚಿಂತೆಯಿಲ್ಲದ ಟೇಪೊಂದನ್ನು ಹಾಕಿ ನೋಡಿ, ಅನಂತರ ಮದುವೆಯ ಟೇಪನ್ನು ಹಾಕತಕ್ಕದ್ದು.