ಓದಿದ ನಾಟಕ, ಆಡಿದ ನಾಟಕ

ಹಾವೇರಿ ಸೀಮೆಯಲ್ಲಿ ಬೆಳ್ಳಿ ಮೂಡುವವರೆಗೆ ಕುಳಿತು ದೊಡ್ಡಾಟ ನೋಡಿದ ಹಿರಿಯರಿಗೆ ಒಂದು ಸಂಗತಿ ಗೊತ್ತು. ಅದೇ ಆಟದ ಅಚ್ಚಾದ ಪುಸ್ತಕವನ್ನು ಮರುದಿನ ತೆರೆದರೆ ರಾತ್ರಿ ಕಂಡ ರಾಕ್ಷಸನು ಅಲ್ಲಿರುವುದಿಲ್ಲ. ಮದ್ದಳೆಯ ಪೆಟ್ಟೂ ಇರುವುದಿಲ್ಲ. ಬರಿಯ ಪದ ಮತ್ತು ಮಾತು ಉಳಿದಿರುತ್ತವೆ. ಹಾಗಾದರೆ ನಾಟಕವು ಪುಸ್ತಕದಲ್ಲಿದೆಯೋ, ಆಟದಲ್ಲಿದೆಯೋ? ಬಹುಕಾಲ ನಾವು ಇದನ್ನು ಕಾವ್ಯಮೀಮಾಂಸೆಯ ಪ್ರಶ್ನೆಯೆಂದೇ ತಿಳಿದಿದ್ದೆವು. ದೂರದ ಕೆರಿಬಿಯನ್ ದ್ವೀಪದ ನಾಟಕವೊಂದು ಅದನ್ನು ನಮ್ಮ ಪ್ರಸಾದನಿಲಯದ ಅಂಗಳಕ್ಕೆ ತಂದು ನಿಲ್ಲಿಸಿತು.

ಡೆರೆಕ್ ವಾಲ್ಕಾಟ್ (1930-2017) ಸೇಂಟ್ ಲೂಸಿಯಾ ದ್ವೀಪದಲ್ಲಿ ಜನಿಸಿದ ಕವಿ. 1959ರಲ್ಲಿ ಟ್ರಿನಿಡಾಡಿನಲ್ಲಿ ನಾಟಕ ತಂಡವೊಂದನ್ನು ಕಟ್ಟಿದವರು. 1992ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ಅವರ ‘ಟಿ-ಝಾನ್ ಅಂಡ್ ಹಿಸ್ ಬ್ರದರ್ಸ್’ 1958ರಲ್ಲಿ ರಂಗವೇರಿ 1970ರಲ್ಲಿ ಅಚ್ಚಾಯಿತು. ಬಡ ತಾಯಿಗೆ ಮೂವರು ಮಕ್ಕಳು. ಸೈತಾನನು ಪಂಥ ಕಟ್ಟುತ್ತಾನೆ: ತನಗೆ ಸಿಟ್ಟು ತರಿಸಿದವನಿಗೆ ಬಹುಮಾನ, ತಾನೇ ಸಿಟ್ಟಿಗೆದ್ದವನು ಸೈತಾನನ ಬಾಯಿಗೆ ತುತ್ತು. ತೋಳ್ಬಲದ ಹಿರಿಯನು ಸೋಲುತ್ತಾನೆ. ಪುಸ್ತಕ ಹಿಡಿದ ನಡುವಿನವನು ಸೋಲುತ್ತಾನೆ. ಕಪ್ಪೆ, ಜೀರುಂಡೆಗಳಿಗೂ ಮರ್ಯಾದೆಯಿಂದ ಮಾತನಾಡಿಸುವ ಕಿರಿಯನು ಗೆಲ್ಲುತ್ತಾನೆ.

ಇದನ್ನು ಓದಿದಾಗ ನಮಗೆ ಒಂದು ಅಚ್ಚುಕಟ್ಟಾದ ನೀತಿ ಕಂಡಿತು. ಬಲ ಸೋಲುವುದು, ವಿದ್ಯೆ ಸೋಲುವುದು, ವಿನಯ ಗೆಲ್ಲುವುದು. ವಿದ್ಯಾರ್ಥಿಗಳಿಗೂ ಹಾಗೆಯೇ ಬೋಧಿಸಿದೆವು. ಅವರು ತಮಗೆ ತಿಳಿದಷ್ಟು ಕನ್ನಡಕ್ಕೆ ತಂದು ಕೆಲವು ದೃಶ್ಯಗಳನ್ನು ಆಡತೊಡಗಿದಾಗ ನಮ್ಮ ಬೋಧೆಯಲ್ಲಿ ಬಿರುಕು ಕಾಣಿಸಿತು.

ಸೈತಾನನು ಕಬ್ಬಿನ ತೋಟದ ಧಣಿಯ ವೇಷದಲ್ಲಿ ಬಂದು ಹಿರಿಯ ಸೋದರನಿಗೆ ಕಬ್ಬಿನ ಎಲೆ ಎಣಿಸುವ ಕೆಲಸ ಕೊಡುತ್ತಾನೆ. ಮತ್ತೆ ಮತ್ತೆ ತಪ್ಪು ಹೆಸರಿನಿಂದ ಕರೆಯುತ್ತಾನೆ. ಓದುವಾಗ ಇದು ಹಾಸ್ಯ. ಆದರೆ ಆ ಪಾತ್ರ ವಹಿಸಿದ್ದ ಹುಡುಗನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವವರ ಮನೆಯವನು. ಧಣಿಯ ಪಾತ್ರದವನು ನಾಲ್ಕನೆಯ ಸಲ ತಪ್ಪು ಹೆಸರು ಕೂಗಿದಾಗ ಅವನು ಮಾತು ನಿಲ್ಲಿಸಿ ನಮ್ಮ ಕಡೆ ತಿರುಗಿದ. “ಅಜ್ಜಾರ, ಸಿಟ್ಟು ಖರೇನ ಬರ್ತೈತ್ರಿ” ಎಂದ. ಹಿರಿಯ ಸೋದರನು ಸೋತದ್ದು ಬಲದ ಗರ್ವದಿಂದ ಮಾತ್ರವಲ್ಲ, ಹೆಸರು ಕಳೆದುಕೊಂಡ ದುಡಿಯುವವನ ನೋವಿನಿಂದಲೂ ಎಂಬುದು ನಮಗೆ ಆಗ ತಿಳಿಯಿತು.

ಇನ್ನೊಂದು ಮಾತು. ಕಾಡಿನ ಮುದುಕ, ತೋಟದ ಧಣಿ, ಸೈತಾನ ಎಂಬ ಮೂರು ಹೆಸರುಗಳು ಪುಟದ ಮೇಲೆ ಮೂರು ಪಾತ್ರಗಳಾಗಿ ತೋರುತ್ತವೆ. ರಂಗದ ಮೇಲೆ ಒಬ್ಬನೇ ನಟನು ಮುಖವಾಡ ಬದಲಿಸುತ್ತಾನೆ. ಕೆಡುಕು ಬೇರೆ ಲೋಕದಿಂದ ಬರುವುದಿಲ್ಲ, ಕೂಲಿ ಕೊಡುವ ಕೈಯಲ್ಲಿಯೂ ಇರಬಲ್ಲದು ಎಂಬ ಅರ್ಥವನ್ನು ಯಾವ ವ್ಯಾಖ್ಯಾನವೂ ಇಷ್ಟು ಬೇಗ ಕೊಡಲಾರದು.

ಕೊನೆಗೆ ಕಿರಿಯನು ಗೆದ್ದುದಾದರೂ ಹೇಗೆ? ಧಣಿಯ ಆಜ್ಞೆ ಮೀರಿ, ಆಳುಗಳಿಂದ ಕಬ್ಬಿನ ಗದ್ದೆಗೆ ಬೆಂಕಿ ಹಚ್ಚಿಸಿ. ಹುಡುಗರು ಹಲಗೆ ಬಾರಿಸುತ್ತ ಆ ದೃಶ್ಯವನ್ನು ಆಡಿದಾಗ ನಮ್ಮ ‘ವಿನಯ’ದ ಪಾಠ ಸುಟ್ಟುಹೋಯಿತೆಂದರೆ ಅತಿಶಯೋಕ್ತಿಯಲ್ಲ. ಅವನ ವಿನಯವು ಕಪ್ಪೆ, ಜೀರುಂಡೆಗಳಿಗೆ ಸಲ್ಲುತ್ತದೆ, ಸೈತಾನನಿಗೆ ಸಲ್ಲುವುದಿಲ್ಲ. ಅಷ್ಟೇ ಅಲ್ಲ, ಪುಸ್ತಕ ಹಿಡಿದು, ಮಾತನಾಡಲಾರೆನೆಂದು ಹಟ ತೊಟ್ಟು, ಮನುಷ್ಯ ಮತ್ತು ಪಶುವಿನ ವಾದಕ್ಕೆ ಮರುಳಾಗಿ ಸೋತ ನಡುವಿನ ಸೋದರನಲ್ಲಿ ನಾವು ನಮ್ಮನ್ನೇ ಕಂಡು ನಾಚಿದೆವು.

ಹಾಗೆಂದು ಓದನ್ನು ಹಳಿಯುವುದು ನ್ಯಾಯವಲ್ಲ. ಈ ನಾಟಕದಲ್ಲಿ ಹುಟ್ಟದೆಯೇ ಉಳಿದ ಶಿಶುವೊಂದು ಜೀವಕ್ಕಾಗಿ ಮೊರೆಯಿಡುತ್ತದೆ. ನಮ್ಮ ಹುಡುಗರು ಅದನ್ನು ಆಡಿದಾಗ ನೋಡುವವರು ನಕ್ಕರು. ಏಕಾಂತದಲ್ಲಿ ಓದುವಾಗ ಆ ಧ್ವನಿ ಎದೆಯನ್ನು ಹಿಂಡುತ್ತದೆ. ಓದಿನಲ್ಲಿ ಹಿಂದಿರುಗಿ ನೋಡುವ ಅವಕಾಶವುಂಟು. ಆಟದಲ್ಲಿ ತಪ್ಪಿದ ಗಳಿಗೆ ಮರಳಿ ಬಾರದು. ಆದುದರಿಂದ ಒಂದು ಇನ್ನೊಂದನ್ನು ತಿದ್ದಬೇಕು.

ಸ್ವತಃ ವಾಲ್ಕಾಟರೂ ಹೀಗೆ ತಿದ್ದಿಕೊಂಡವರು. ಟ್ರಿನಿಡಾಡಿಗೆ 1845ರಿಂದ 1917ರವರೆಗೆ ಭಾರತದಿಂದ ಕರಾರು ಕೂಲಿಗಳು ಹೋದರು. ಅವರ ಸಂತತಿಯವರು ಫೆಲಿಸಿಟಿ ಎಂಬ ಹಳ್ಳಿಯಲ್ಲಿ ರಾಮಲೀಲೆ ಆಡುತ್ತಾರೆ. ಅದನ್ನು ಕಂಡ ತಾವು ಮೊದಲು ಬರಿಯ ನಾಟಕವೆಂದು ತಪ್ಪು ತಿಳಿದುದನ್ನೂ, ಬಯಲಲ್ಲಿದ್ದ ಆ ಹುಡುಗರಿಗೆ ಅದು ನಟನೆಯಲ್ಲ, ನಂಬಿಕೆ ಎಂಬುದನ್ನೂ ನೊಬೆಲ್ ಭಾಷಣದಲ್ಲಿ ಅವರು ಒಪ್ಪಿಕೊಂಡರು. ದೊಡ್ಡ ಕವಿಯು ಸಭೆಯಲ್ಲಿ ನಿಂತು ತನ್ನ ಓದು ತಪ್ಪಾಯಿತೆಂದು ಹೇಳಿದ್ದು ನಮಗೂ ಧೈರ್ಯ ಕೊಟ್ಟಿದೆ.

ಓದುಗರೇ, ಶರಣರು ಅರಿವಿನೊಡನೆ ಅನುಭಾವವನ್ನು ಏಕೆ ಕೇಳಿದರೆಂಬುದು ಇಲ್ಲಿ ವಿಚಾರಾರ್ಹ. ಮೈಯಲ್ಲಿ ಇಳಿಯದ ಅರಿವು ಅರ್ಧ ಅರಿವು. ರಾಣೆಬೆನ್ನೂರು, ಬ್ಯಾಡಗಿಗಳ ಶಾಲೆಗಳಲ್ಲಿ ಅಧ್ಯಾಪಕರಾಗಿರುವ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದೇ ವಿನಂತಿ. ಪಠ್ಯದಲ್ಲಿ ನಾಟಕ ಬಂದರೆ ಅರ್ಥ ಹೇಳುವ ಮುನ್ನ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿರಿ, ಆಡಿಸಿರಿ. ಅನಂತರ ಪುಸ್ತಕಕ್ಕೆ ಮರಳಿರಿ. ನಾವು ಐವತ್ತು ದಾಟಿದ ಮೇಲೆ ಕಲಿತುದನ್ನು ಅವರು ಹತ್ತರಲ್ಲೇ ಕಲಿಯಲಿ.