ಕೇಡಿಗೆ ಹೆಸರಿಡುವುದು: 'ಆಪ್ತಮಿತ್ರ' ಮತ್ತು 'ಯೂ ಟರ್ನ್' ಚಿತ್ರಗಳ ಖಳರು

ಭಯಚಿತ್ರದ ಖಳಪಾತ್ರವೊಂದು ನೋಡುಗರನ್ನು ಹಿಡಿದು ನಿಲ್ಲಿಸುವುದು ಏತರಿಂದ? ಗುರುಮಠದ ತರಗತಿಯಲ್ಲಿ ಈ ಪ್ರಶ್ನೆ ಎತ್ತಿದಾಗ ಮೊದಲು ಬರುವ ಉತ್ತರ ಕ್ರೌರ್ಯ. ನಮಗೆ ಹಾಗೆ ತೋರುವುದಿಲ್ಲ. ಕೆಡುಕು ಸ್ವತಂತ್ರ ವಸ್ತುವಲ್ಲ, ಇರಬೇಕಾದ ಒಳಿತಿನ ಅಭಾವ ಎಂದು ಸಂತ ಅಗಸ್ಟೀನರು ಬೋಧಿಸಿದರು. ಯಾವ ಒಳಿತು ಎಲ್ಲಿ ಕಳೆದುಹೋಯಿತೆಂದು ತೋರಿಸದ ಖಳನು ಬರಿಯ ಸದ್ದು.

ಪಿ. ವಾಸು ನಿರ್ದೇಶಿಸಿದ 'ಆಪ್ತಮಿತ್ರ'ದಲ್ಲಿ (2004) ಗಂಗಾ ಎಂಬ ಗೃಹಿಣಿ ತನ್ನನ್ನೇ ನಾಗವಲ್ಲಿಯೆಂದು ಭಾವಿಸುತ್ತಾಳೆ. ಚಿತ್ರ ತೆರೆಕಾಣುವ ಮುನ್ನವೇ ನಟಿ ಸೌಂದರ್ಯ ತೀರಿಕೊಂಡದ್ದರಿಂದ ಆ ಪಾತ್ರಕ್ಕೆ ಇನ್ನೊಂದು ನೆರಳೂ ಕೂಡಿತು. ನಾಗವಲ್ಲಿ ಅರಸನ ಕೈಯಲ್ಲಿ ಹತಳಾದ ನರ್ತಕಿ. ಆದರೆ ಪ್ರೇಕ್ಷಕರು ಅಂಜುವುದು ಕೊಂದವನಿಗಲ್ಲ, ಕೊಲೆಯಾದವಳಿಗೆ. ಕಡೆಗೆ ಅವಳ ಸೇಡನ್ನು ಗೊಂಬೆಯೊಂದರ ಮೇಲೆ ತೀರಿಸಿ ಅವಳನ್ನು ಕಳುಹಿಸಲಾಗುತ್ತದೆ. ರೋಗಿ ಗುಣವಾದಳು ಸರಿ. ಅರಸನ ಅಪರಾಧ ಮಾತ್ರ ಹಿನ್ನೆಲೆಯ ಕಥೆಯಾಗಿಯೇ ಉಳಿಯಿತು.

ಪವನ್ ಕುಮಾರರ 'ಯೂ ಟರ್ನ್' (2016) ಇದಕ್ಕಿಂತ ದೂರ ಸಾಗುತ್ತದೆ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ಅವಸರದ ಸವಾರರು ವಿಭಜಕದ ಕಲ್ಲು ಸರಿಸಿ ತಿರುಗಿ ಹೋಗುತ್ತಾರೆ. ಆ ಕಲ್ಲಿನಿಂದಾಗಿ ಒಬ್ಬ ತಾಯಿ, ಅವಳ ಮಗು ಸಾಯುತ್ತಾರೆ. ತಾಯಿ ಮಾಯಾ ಪ್ರೇತವಾಗಿ ತಪ್ಪಿತಸ್ಥನನ್ನು ಹುಡುಕುತ್ತಾಳೆ. ಅವನು ಅವಳ ಗಂಡನೇ! ಅವನನ್ನು ಅವಳು ಕೊಲ್ಲುವುದಿಲ್ಲ. ಗುರುತು ಹೊತ್ತು ಅಲೆದ ಕಾಯಿನನಂತೆ ಅವನು ಬದುಕಬೇಕು. ಆ ಸಾವಿಗೆ ಕಾರಣರಲ್ಲದ, ಅದೇ ತಪ್ಪು ಮಾಡಿದ ಇತರರೂ ಸಾಯುವುದು ನ್ಯಾಯದ ಅಳತೆಗೆ ಒಗ್ಗದು, ಇದು ಚಿತ್ರದ ಕೊರತೆ. ಆದರೂ ಖಳನು ದ್ವೇಷವಿಲ್ಲದ, ಅವಸರವಷ್ಟೇ ಇದ್ದ ಮನುಷ್ಯ ಎಂಬಲ್ಲಿ ಚಿತ್ರ ಪಾಪದ ಸ್ವರೂಪವನ್ನು ಸರಿಯಾಗಿಯೇ ಮುಟ್ಟಿದೆ.

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಸೇವೆ ಮಾಡುವ ಗುರುಗಳಿಗೆ ಇದು ಬರಿಯ ಸಿನಿಮಾದ ಮಾತಲ್ಲ. ಭೀಮಾ-ಅಮರ್ಜಾ ಸಂಗಮದ ಗಾಣಗಾಪುರಕ್ಕೆ ದೆವ್ವ ಮೆಟ್ಟಿದೆಯೆನ್ನಲಾದವರನ್ನು ಕರೆತರುವ ವಾಡಿಕೆ ಹಳೆಯದು. ಆ ಕ್ಷೇತ್ರದ ನಂಬಿಕೆಯನ್ನು ತೂಗುವುದು ನಮ್ಮ ಉದ್ದೇಶವಲ್ಲ. ಅದೇ ಹಳ್ಳಿಗಳ ಜನ ನಮ್ಮ ಬಾಗಿಲಿಗೂ ಬರುತ್ತಾರೆ, ಅಷ್ಟೆ.

ಗೆರಸೇನರ ನಾಡಿನಲ್ಲಿ ಯೇಸುಸ್ವಾಮಿ ಮೊದಲು ಕೇಳಿದ್ದು ಹೆಸರನ್ನು (ಮಾರ್ಕ 5:9). ಬಂದ ಉತ್ತರ 'ಲೆಗಿಯೋನ್', ಆ ನಾಡನ್ನು ಆಳುತ್ತಿದ್ದ ರೋಮನ್ ಸೈನ್ಯದ ದಳಕ್ಕಿದ್ದ ಹೆಸರು. ಕೇಡಿಗೂ ಒಂದು ಚರಿತ್ರೆಯಿದೆ.

ಒಮ್ಮೆ ಅತ್ತೆಯೊಬ್ಬಳು ಸೊಸೆಯನ್ನು ಕರೆತಂದು, "ಫಾದರ್, ಇಕಿಗಿ ಗಾಳಿ ಸೋಕ್ಯದ್ರಿ, ಬಿಡಸ್ರಿ" ಎಂದಳು. ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಭೂತೋಚ್ಚಾಟನೆ ಸಲ್ಲದೆಂಬ ಧರ್ಮಸಭೆಯ 1172ನೇ ನಿಯಮವನ್ನು ವಿವರಿಸುವ ಮೊದಲು ನಾವು ಹೆಸರೇನೆಂದು ಕೇಳಿದೆವು. ಅತ್ತೆ ತಡವರಿಸದೆ ದೆವ್ವದ ಹೆಸರು ಹೇಳಿದಳು. ಹುಡುಗಿಯ ಹೆಸರು ತಿಳಿಯಲು ನಾವು ಮತ್ತೊಮ್ಮೆ ಕೇಳಬೇಕಾಯಿತು.