ಒಂದು ತಿಂಗಳ ಬಾಡಿಗೆ, ಒಂದು ಕೋಟು ಬಣ್ಣ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿಯಾದರೆ ಮೊದಲು ಬರುವವನು ಪೇಂಟರ್. ಪ್ಲಂಬರ್ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆ ಬಿಡುವವರ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ‘ಪೇಂಟಿಂಗ್ ಖರ್ಚು’ ಎಂದು ಮುರಿದುಕೊಳ್ಳುವುದು ಇಲ್ಲಿನ ಹಳೆಯ ರೂಢಿ. ಖಾಲಿ ಮನೆಯನ್ನು ಅಣಿಗೊಳಿಸುವ ಕೆಲಸ ಬಣ್ಣದಲ್ಲೇ ನಿಂತುಬಿಡುವುದಕ್ಕೆ ಈ ರೂಢಿಯೇ ಕಾರಣ. ದುಡ್ಡು ಯಾವ ಹೆಸರಿನಲ್ಲಿ ಕೈಸೇರಿತೋ ಆ ಕೆಲಸ ಮುಗಿದರೆ ಓನರ್ ನಿರಾಳ. ತುಕ್ಕು ಹಿಡಿದ ಪೈಪಿಗೆ, ಹಳೆಯ ವೈರಿಂಗಿಗೆ ಯಾರ ಅಡ್ವಾನ್ಸಿನಿಂದಲೂ ದುಡ್ಡು ಮುರಿಯುವುದಿಲ್ಲವಲ್ಲ!

ಬಣ್ಣವನ್ನು ಹಳಿಯಬೇಕಿಲ್ಲ. ಹಿಂದಿದ್ದವರ ಒಗ್ಗರಣೆಯ ಜಿಡ್ಡು, ಮೊಳೆಯ ತೂತು, ಮಕ್ಕಳ ಪೆನ್ಸಿಲ್ ಗೀಚು ಹೊಸಬರಿಗೆ ಯಾಕೆ ಬೇಕು? ತಕರಾರಿರುವುದು ಕೆಲಸದ ಕ್ರಮದಲ್ಲಿ. ಮೂವತ್ತು-ನಲವತ್ತರ ಸೈಟಿನಲ್ಲಿ ಮೂರು-ನಾಲ್ಕು ಅಂತಸ್ತು ಎತ್ತಿ, ಪಕ್ಕದಲ್ಲಿ ಗಾಳಿಗೂ ಜಾಗ ಬಿಡದೆ ಕಟ್ಟಿದ ಮನೆಗಳಲ್ಲಿ ಕಿಟಕಿ ತೆರೆದರೆ ಕಾಣುವುದು ನೆರೆಮನೆಯ ಗೋಡೆ. ಬಿಸಿಲು ಬೀಳದ ಗೋಡೆಗೆ ಮೇಲಿನ ಮನೆಯ ಬಚ್ಚಲಿನಿಂದ ನೀರು ಜಿನುಗುತ್ತಿದ್ದರೆ ಕೇಳುವುದೇ ಬೇಡ. ಅದರ ಮೇಲೆಯೇ ಪುಟ್ಟಿ ಎಳೆದು ಎಮಲ್ಷನ್ ಹೊಡೆದರೆ ಮನೆ ನೋಡಲು ಬಂದ ದಿನ ಫಳಫಳ ಹೊಳೆಯುತ್ತದೆ. ಮಳೆ ಹಿಡಿದ ಮೇಲೆ ಕರಿದ ಹಪ್ಪಳದಂತೆ ಗುಳ್ಳೆಯೇಳುತ್ತದೆ. ಮೊದಲು ಸೋರಿಕೆ ನಿಲ್ಲಿಸಬೇಕು, ಕೆಟ್ಟ ಗಾರೆ ಕೆತ್ತಬೇಕು, ಗೋಡೆ ಒಣಗಲು ಬಿಡಬೇಕು, ಬಣ್ಣ ಆಮೇಲೆ. ಇದಕ್ಕೆ ವಾರಗಟ್ಟಲೆ ಸಮಯ ಬೇಕು. ಬ್ರೋಕರ್ ಮಾತ್ರ ನಾಳೆಯೇ ಜನ ಕರೆತರುತ್ತೇನೆ ಎನ್ನುತ್ತಾನೆ.

ತೆರಿಗೆಯ ಲೆಕ್ಕವೂ ರಿಪೇರಿಗೆ ಹುಮ್ಮಸ್ಸು ಕೊಡುವಂಥದ್ದಲ್ಲ. ನಗರಪಾಲಿಕೆ ತೆರಿಗೆ ಕಳೆದು ಉಳಿದ ಬಾಡಿಗೆ ವರಮಾನದಲ್ಲಿ ಶೇ. 30ರಷ್ಟಕ್ಕೆ ಆದಾಯ ತೆರಿಗೆ ವಿನಾಯಿತಿಯಿದೆ. ಇಡೀ ಮನೆಯ ಪೈಪು ಬದಲಿಸಿದವರಿಗೂ ಅಷ್ಟೇ, ಒಂದು ಮೊಳೆ ಹೊಡೆಯದವರಿಗೂ ಅಷ್ಟೇ.

ಇನ್ನು 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯನ್ನು ನೋಡಿ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎನ್ನುತ್ತದೆ ಅದು. ಹತ್ತು ತಿಂಗಳ ಅಡ್ವಾನ್ಸಿಗೆ ಹೆಸರಾದ ಊರಿಗೆ ಇದು ಕಹಿ ಗುಳಿಗೆ. ಕರಾರಿನಲ್ಲಿ ಬೇರೆ ಮಾತಾಗದಿದ್ದರೆ ಗೋಡೆಗೆ ಸುಣ್ಣ, ಬಾಗಿಲು-ಕಿಟಕಿಗೆ ಬಣ್ಣ, ಪೈಪು, ವೈರಿಂಗು ಎಲ್ಲವೂ ಮಾಲೀಕನ ಹೊಣೆ. ನಲ್ಲಿಯ ವಾಷರ್, ಸ್ವಿಚ್ಚು, ಸೊಳ್ಳೆ ಜಾಲರಿಯಂಥವು ಮಾತ್ರ ಬಾಡಿಗೆದಾರನವು. ಬೆಂಗಳೂರು ಬಣ್ಣದ ವಿಷಯದಲ್ಲಿ ಇದನ್ನು ಸರಿಯಾಗಿ ತಲೆಕೆಳಗು ಮಾಡಿಕೊಂಡಿದೆ. ಆದರೆ ಅದು ಮಾದರಿಯಷ್ಟೇ. ಅಳವಡಿಸಿಕೊಳ್ಳುವುದು, ಬಿಡುವುದು ರಾಜ್ಯಗಳಿಗೆ ಸೇರಿದ್ದು.

ಬಾಡಿಗೆಗೆ ಬರುವವರು ನಿಜಕ್ಕೂ ಏನು ಕೇಳುತ್ತಾರೆ? 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಕಾಯುವಂತಾದ ಮೇಲೆ ‘ಕಾವೇರಿ ನೀರಿದೆಯಾ, ಬೋರಾ?’ ಎಂಬುದು ಮೊದಲ ಪ್ರಶ್ನೆಯಾಯಿತು. ಇಂಥ ಊರಿನಲ್ಲಿ ಸಂಪು ತೊಳೆಸಿ, ಮಳೆನೀರು ಕೊಯ್ಲಿನ ಪೈಪು ಸರಿಪಡಿಸಿದ ಮನೆಗೆ ಜಾಹೀರಾತು ಬೇಕಿಲ್ಲ. ವಿದ್ಯುತ್ತಿನದೂ ಅದೇ ಕಥೆ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ 2023ರಲ್ಲಿ ಬಾಡಿಗೆದಾರರಿಗೂ ಅನ್ವಯವಾದಾಗ ಪ್ರತ್ಯೇಕ ಮೀಟರಿಗೆ ಒಮ್ಮೆಲೇ ಬೆಲೆ ಬಂತು. ಮೂರು ಮನೆಗೆ ಒಂದೇ ಮೀಟರ್ ಇಟ್ಟು ಯೂನಿಟ್ಟಿಗಿಷ್ಟು ಎಂದು ವಸೂಲಿ ಮಾಡುವ ಕಟ್ಟಡದಲ್ಲಿ ಗೋಡೆ ಎಷ್ಟು ಹೊಳೆದರೇನು?

ಸುಧಾರಣೆಯ ಹುರುಪಿನಲ್ಲಿ ಮರೆತುಹೋಗುವ ಇನ್ನೊಂದು ಲೆಕ್ಕವಿದೆ. ಹೊಸ ಟೈಲ್ಸ್ ಹಾಕಿಸಿ, 20,000 ರೂಪಾಯಿಯ ಮನೆಗೆ 21,000 ಕೊಡುವವರೇ ಬರಲಿ ಎಂದು ಒಂದು ತಿಂಗಳು ಬೀಗ ಹಾಕಿ ಕಾದರೆ, ಕೈತಪ್ಪಿದ ಆ 20,000 ವಸೂಲಾಗಲು 20 ತಿಂಗಳು ಬೇಕು. ಟೈಲ್ಸಿನ ಖರ್ಚು ಬೇರೆ. ಕರಾರುಪತ್ರವೋ ಸಾಮಾನ್ಯವಾಗಿ 11 ತಿಂಗಳದ್ದು. ಹೀಗಿದ್ದೂ ‘ಬ್ಯಾಚುಲರ್‌ಗಳಿಗಿಲ್ಲ’, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಸಾಲುಗಳನ್ನು ಬೋರ್ಡಿನ ಮೇಲೆ ಹಾಗೆಯೇ ಉಳಿಸಿಕೊಂಡು, ಜನ ಬರುತ್ತಿಲ್ಲವೆಂದು ಅಡುಗೆಮನೆಗೆ ಹೊಸ ಕಬೋರ್ಡು ಮಾಡಿಸುವ ಓನರ್‌ಗಳಿದ್ದಾರೆ. ಆ ಸಾಲು ಅಳಿಸಲು ಪೇಂಟರ್‌ಗೆ ಐದು ನಿಮಿಷ ಸಾಕು, ಹೇಗೂ ಅವನು ಬಂದೇ ಇರುತ್ತಾನೆ.